ಮೂರು ಬ್ಯಾಚ್ ಸಾಲಾಗಿ ಹುಳಿಯಾಯ್ತು, ಸ್ಯಾನಿಟೈಸರ್ ಸಾಲ್ತಿಲ್ವಾ?

ಅರ್ಧಲೋಟ · ಭಾನುವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಬಿಯರ್ ಮಾಡಲು ಶುರು ಮಾಡಿ ಒಂದು ವರ್ಷ ಆಯಿತು. ಇಲ್ಲಿಯವರೆಗೆ ಒಂಬತ್ತು ಬ್ಯಾಚ್. ಮೊದಲ ಆರು ಚೆನ್ನಾಗಿದ್ದವು. ಗೆಳೆಯರು ಬರೀ ದಾಕ್ಷಿಣ್ಯಕ್ಕೆ ಕುಡಿಯದೆ, ಎರಡನೇ ಗ್ಲಾಸ್ ಕೇಳಿ ಕುಡಿಯುವಷ್ಟು ಚೆನ್ನಾಗಿದ್ದವು. ಆಮೇಲಿನ ಮೂರೂ ಕೆಟ್ಟವು. ಬಾಟಲಿಗೆ ತುಂಬುವ ದಿನ ರುಚಿ ಸರಿಯಾಗೇ ಇರುತ್ತದೆ. ಎರಡು ವಾರ ಬಿಟ್ಟು ತೆರೆದರೆ ಸ್ವಲ್ಪ ಹುಳಿ. ನಾಲ್ಕನೇ ವಾರಕ್ಕೆ ಮುಖ ಕಿವುಚುವಷ್ಟು ಹುಳಿ. ಮುಚ್ಚಳ ತೆಗೆದ ಕೂಡಲೇ ಅರ್ಧ ಬಾಟಲಿ ಉಕ್ಕಿ ನೆಲದ ಪಾಲು.

ನಾನು ಹೇಗೆ ತೊಳೆಯುತ್ತೇನೆ ಅಂತ ಹೇಳುತ್ತೇನೆ, ತಪ್ಪು ಎಲ್ಲಿದೆ ನೋಡಿ. 25 ಲೀಟರಿನ ಪ್ಲಾಸ್ಟಿಕ್ ಬಕೆಟ್, ಕೆಳಗೆ ನಲ್ಲಿ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ಹಸಿರು ಸ್ಕ್ರಬ್ಬರಿನಿಂದ ಗಟ್ಟಿಯಾಗಿ ಉಜ್ಜುತ್ತೇನೆ. ಮೂರು ಸಲ ಗಲಬರಿಸುತ್ತೇನೆ. ಬ್ರೂ ಮಾಡುವ ದಿನ ಸ್ಟಾರ್ ಸ್ಯಾನ್ ಅನ್ನುವ ಸ್ಯಾನಿಟೈಸರ್ ಕಲಸಿ ಒಳಗೆಲ್ಲ ಆಡಿಸಿ, ನಲ್ಲಿಯಿಂದಲೂ ಸ್ವಲ್ಪ ಬಿಡುತ್ತೇನೆ. ಪೈಪು, ಏರ್‌ಲಾಕ್, ಬಾಟಲಿಗೆ ತುಂಬುವ ಕಡ್ಡಿ ಎಲ್ಲವನ್ನೂ ಅದರಲ್ಲೇ ಮುಳುಗಿಸುತ್ತೇನೆ. ಮೂರನೇ ಸಲ ಸಿಟ್ಟು ಬಂದು ಸ್ಯಾನಿಟೈಸರ್ ಡಬಲ್ ಹಾಕಿದೆ. ಮತ್ತೆ ಅದೇ ಕಥೆ.

ಇನ್ನೂ ಜಾಸ್ತಿ ಹಾಕಬೇಕಾ? ಅಥವಾ ಬೇರೆ ಕೆಮಿಕಲ್ ತರಬೇಕಾ?

ನೊರೆಮೀಸೆ

ಬಕೆಟ್ ಬಿಸಾಕಿ, ಹೊಸದು ತನ್ನಿ. ಮುಗೀತು.

ಲ್ಯಾಬ್‌ಕೋಟು

ಕಾರಣ ತಿಳಿಯದೆ ಬಿಸಾಕಿದರೆ ಹೊಸ ಬಕೆಟ್‌ಗೂ ನಾಲ್ಕು ತಿಂಗಳಲ್ಲಿ ಅದೇ ಗತಿ. ಸ್ವಲ್ಪ ತಡೆಯಿರಿ.

ಅರ್ಧಲೋಟ ಅವರೇ, ನಿಮ್ಮ ಬರಹದಲ್ಲಿ ಎರಡು ಬೇರೆ ಕೆಲಸಗಳು ಒಂದಾಗಿಬಿಟ್ಟಿವೆ. ತೊಳೆಯುವುದು ಒಂದು, ಸ್ಯಾನಿಟೈಸ್ ಮಾಡುವುದು ಇನ್ನೊಂದು. ತೊಳೆಯುವುದು ಅಂದರೆ ಕಣ್ಣಿಗೆ ಕಾಣುವ, ಕೈಗೆ ಜಾರುವ ಕೊಳೆ ತೆಗೆಯುವುದು. ಸ್ಯಾನಿಟೈಸ್ ಮಾಡುವುದು ಅಂದರೆ ಆಮೇಲೆ ಉಳಿದ ಸೂಕ್ಷ್ಮಜೀವಿಗಳನ್ನು ಈಸ್ಟ್‌ಗೆ ತೊಂದರೆ ಕೊಡದಷ್ಟು ಕಡಿಮೆ ಮಾಡುವುದು. ಮೊದಲನೆಯದು ಆಗದೆ ಎರಡನೆಯದು ಆಗುವುದಿಲ್ಲ. ಬಿಯರ್ ಹುಳಿ ಮಾಡುವ ಬ್ಯಾಕ್ಟೀರಿಯಾಗಳು ಒಂದು ಕಡೆ ನೆಲೆಯಾದರೆ ಸುತ್ತ ತೆಳ್ಳಗೆ ಲೋಳೆ ಕಟ್ಟಿಕೊಳ್ಳುತ್ತವೆ. ಬಯೋಫಿಲ್ಮ್ ಅಂತಾರೆ. ಸ್ಯಾನಿಟೈಸರ್ ಆ ಲೋಳೆಯ ಮೇಲ್ಪದರವನ್ನು ಸವರಿ ಹೋಗುತ್ತದೆ, ಒಳಗಿರುವವು ಆರಾಮಾಗಿರುತ್ತವೆ. ಅಲ್ಲಿ ಡಬಲ್ ಹಾಕಿದರೂ ಒಂದೇ, ನಾಲ್ಕು ಪಟ್ಟು ಹಾಕಿದರೂ ಒಂದೇ.

ಕೆಲವು ಪ್ರಶ್ನೆ.
ಹುಳಿ ಎಲ್ಲಾ ಬಾಟಲಿಯಲ್ಲೂ ಇದೆಯಾ, ಕೆಲವದರಲ್ಲಿ ಮಾತ್ರವಾ?
ನಲ್ಲಿಯನ್ನು ಯಾವತ್ತಾದರೂ ಬಿಚ್ಚಿದ್ದೀರಾ? ಬಕೆಟ್‌ನಿಂದ ಬಿಚ್ಚುವುದಲ್ಲ, ನಲ್ಲಿಯನ್ನೇ ತುಂಡು ತುಂಡಾಗಿ.
ಕೊನೆಯ ಮೂರು ಬ್ಯಾಚ್ ಯಾವ ಬಿಯರ್?
ಫರ್ಮೆಂಟೇಶನ್ ನಡುವೆ ಎಷ್ಟು ಸಲ ಸ್ಯಾಂಪಲ್ ತೆಗೆದಿರಿ?

ಅರ್ಧಲೋಟ

ಎಲ್ಲಾ ಬಾಟಲಿಯಲ್ಲೂ. ಇಪ್ಪತ್ತು ತೆರೆದೆ, ಇಪ್ಪತ್ತೂ ಹುಳಿ.
ನಲ್ಲಿ ಬಿಚ್ಚಿಲ್ಲ. ಅದು ಬಿಚ್ಚುತ್ತದಾ? ಒಂದೇ ತುಂಡು ಅಂದುಕೊಂಡಿದ್ದೆ.
ಮೊದಲ ಆರು ಕಹಿ ಜಾಸ್ತಿ ಇರುವ ಪೇಲ್ ಏಲ್. ಕೊನೆಯ ಮೂರು ಗೋಧಿ ಬಿಯರ್, ಕಹಿ ಕೊಡುವ ಹಾಪ್ಸ್ ಬಹಳ ಕಡಿಮೆ.
ಸ್ಯಾಂಪಲ್... ನಿಜ ಹೇಳ್ತೀನಿ, ದಿನಾ ತೆಗೆಯುತ್ತಿದ್ದೆ. ತಡೆಯೋಕಾಗಲ್ಲ.

ತಾಮ್ರಸುರುಳಿ

ದಿನಾ ಸ್ಯಾಂಪಲ್ ಅಂದಾಗಲೇ ನನಗೆ ಗೊತ್ತಾಯಿತು. ನಾನೂ ಇದೇ ಹಳ್ಳಕ್ಕೆ ಬಿದ್ದು ಎದ್ದವಳು.

ನಲ್ಲಿ ತಿರುಗಿಸಿ ಸ್ಯಾಂಪಲ್ ಹಿಡಿದಿರಿ, ಮುಚ್ಚಿದಿರಿ. ಮೂತಿಯಲ್ಲಿ ಒಂದು ಚಮಚದಷ್ಟು ಬಿಯರ್ ಉಳಿಯುತ್ತದೆ. ಅದಕ್ಕೆ ಗಾಳಿ ತಾಗುತ್ತದೆ, ಧೂಳು ಕೂರುತ್ತದೆ, ಹಣ್ಣಿನ ನೊಣ ಬರುತ್ತದೆ. ಮಾರನೇ ದಿನ ಮತ್ತೆ ತಿರುಗಿಸುತ್ತೀರಿ. ಮೂತಿಯಲ್ಲಿ ಹುಟ್ಟಿದ್ದು ತಿರುಗುವ ಭಾಗಕ್ಕೆ ಮೆತ್ತಿಕೊಂಡು ಒಳಗೆ ಹೋಗುತ್ತದೆ. ನೀವೇ ದಿನಾ ಕೈ ಹಿಡಿದು ಒಳಗೆ ಕರೆದುಕೊಂಡು ಹೋದ ಹಾಗೆ.

ಇಂಥ ಪ್ಲಾಸ್ಟಿಕ್ ನಲ್ಲಿಗಳಲ್ಲಿ ಹೆಚ್ಚಿನವು ಎರಡು ತುಂಡು. ಹೊರಗಿನ ಕವಚ ಒಂದು, ಅದರೊಳಗೆ ತಿರುಗುವ ಗುಂಡನೆಯ ತುಂಡು ಇನ್ನೊಂದು. ಕವಚಕ್ಕೂ ತುಂಡಿಗೂ ನಡುವೆ ಕೂದಲೆಳೆಯಷ್ಟು ಸಂದು. ಬಿಯರ್ ಅಲ್ಲಿಗೆ ಇಳಿಯುತ್ತದೆ, ಸ್ಯಾನಿಟೈಸರ್ ಇಳಿಯುವುದಿಲ್ಲ. ನಲ್ಲಿ ತೆರೆದು ಹರಿಸಿದರೆ ದ್ರಾವಣ ನಡುವಿನ ತೂತಿನಲ್ಲಿ ನೇರ ಹೋಗುತ್ತದೆ ಅಷ್ಟೇ, ಸಂದಿಗೆ ಹೋಗಲ್ಲ.

ಬಿಚ್ಚುವ ಬಗೆ: ನಲ್ಲಿಯನ್ನು ಬಕೆಟ್‌ನಿಂದ ತೆಗೆಯಿರಿ. ಬಿಸಿ ನೀರಿನಲ್ಲಿ ಹತ್ತು ನಿಮಿಷ ಬಿಡಿ, ಪ್ಲಾಸ್ಟಿಕ್ ಸ್ವಲ್ಪ ಸಡಿಲ ಆಗುತ್ತದೆ. ಕುದಿಯುವ ನೀರು ಬೇಡ, ಯಾವ ಪ್ಲಾಸ್ಟಿಕ್ ಅಂತ ಗೊತ್ತಿಲ್ಲದಿದ್ದರೆ ಸೊಟ್ಟಗಾಗಬಹುದು. ಆಮೇಲೆ ಮೂತಿಯ ಕಡೆಯಿಂದ ಸೌಟಿನ ಹಿಡಿಯಂಥ ಮೊಂಡಾದ ಏನಾದರೂ ಇಟ್ಟು ಮೇಲಕ್ಕೆ ಒತ್ತಿ. ಟಪ್ ಅಂತ ಬರುತ್ತದೆ. ಸ್ಕ್ರೂಡ್ರೈವರ್ ತುರುಕಬೇಡಿ, ಗೀರು ಬಿದ್ದರೆ ಆಮೇಲೆ ಸೋರುತ್ತದೆ.

ನೊರೆಮೀಸೆ

ನಾನು ಐದು ವರ್ಷದಿಂದ ಒಂದೇ ನಲ್ಲಿ ಬಳಸ್ತಿದ್ದೀನಿ. ಒಂದು ಸಲವೂ ಬಿಚ್ಚಿಲ್ಲ. ಏನೂ ಆಗಿಲ್ಲ. ಸುಮ್ನೆ ಹೆದರಿಸ್ತೀರಿ.

ತಾಮ್ರಸುರುಳಿ

ನೀವು ಮಾಡುವುದೆಲ್ಲ ಕಹಿಕಹಿ ಐಪಿಎ ಅಲ್ವಾ?

ಲ್ಯಾಬ್‌ಕೋಟು

ಅದೇ ವಿಷಯ. ಹಾಪ್ಸಿನ ಕಹಿ ಅಂಶ ಲ್ಯಾಕ್ಟೋಬ್ಯಾಸಿಲಸ್ ಅನ್ನುವ ಹುಳಿ ಮಾಡುವ ಬ್ಯಾಕ್ಟೀರಿಯಾದ ಹಲವು ಜಾತಿ ಬೆಳೆಯದಂತೆ ತಡೆಯುತ್ತದೆ. ಎಲ್ಲವನ್ನೂ ಅಲ್ಲ, ಹಲವನ್ನು. ಅರ್ಧಲೋಟ ಅವರ ಮೊದಲ ಆರು ಬ್ಯಾಚ್ ಕಾಲದಲ್ಲೂ ಆ ಕೊಳೆ ಇದ್ದಿರಬಹುದು. ಕಹಿ ಬಿಯರ್ ತಡೆದುಕೊಂಡಿತು, ಗೋಧಿ ಬಿಯರಿಗೆ ಆ ರಕ್ಷಣೆ ಇರಲಿಲ್ಲ.

ಎಲ್ಲಾ ಬಾಟಲಿಯೂ ಹುಳಿ ಅಂದಿದ್ದೂ ಒಳ್ಳೆಯ ಸುಳಿವು. ಎರಡೋ ಮೂರೋ ಮಾತ್ರ ಕೆಟ್ಟಿದ್ದರೆ ಆ ಬಾಟಲಿಗಳ ತಳದಲ್ಲೇ ಹಳೆಯ ಗಸಿ ಒಣಗಿ ಕೂತಿತ್ತು ಅಂತ ಹೇಳಬಹುದಿತ್ತು. ಪೂರ್ತಿ ಕೆಟ್ಟಿದೆ, ಆದರೆ ತುಂಬುವ ದಿನ ರುಚಿ ಸರಿ ಇತ್ತು. ಅಂದರೆ ಎಲ್ಲಾ ಬಾಟಲಿಯೂ ಹಾದು ಬಂದ ದಾರಿಯಲ್ಲೇ ಕಳ್ಳ ಇದ್ದಾನೆ. ನಲ್ಲಿ, ಪೈಪು, ಕಡ್ಡಿ. ಈ ಮೂರೇ.

ಹಳೇಡ್ರಮ್ಮು

ಇಷ್ಟೆಲ್ಲಾ ಯಾಕೆ? ಬ್ಲೀಚ್ ಹಾಕಿ. ಲೀಟರಿಗೆ 4 ಎಂಎಲ್, 20 ನಿಮಿಷ. ನಾನು ಶುರು ಮಾಡಿದ ಕಾಲದಲ್ಲಿ ಈ ಸ್ಟಾರ್ ಸ್ಯಾನ್, ಅದು ಇದು ಯಾವುದೂ ಕೈಗೆ ಸಿಗುತ್ತಿರಲಿಲ್ಲ. ಬ್ಲೀಚಲ್ಲೇ ಎಲ್ಲಾ ನಡೆಯಿತು.

ಲ್ಯಾಬ್‌ಕೋಟು

ಅಣ್ಣಾ, ಬ್ಲೀಚ್ ಕೊಲ್ಲುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಅಳತೆಯೂ ಸರಿಯಾಗೇ ಹೇಳಿದ್ದೀರಿ. ಆದರೆ ಈಗ ಶುರು ಮಾಡುವವರಿಗೆ ನಾನು ಹೇಳಲ್ಲ, ಯಾಕೆಂದರೆ ಆಮೇಲಿನ ಕೆಲಸ ಜಾಸ್ತಿ. ಸ್ವಲ್ಪ ಕ್ಲೋರಿನ್ ಉಳಿದರೂ ಅದು ಬಿಯರಿನ ಫಿನಾಲ್‌ಗಳ ಜೊತೆ ಸೇರಿ ಕ್ಲೋರೋಫಿನಾಲ್ ಆಗುತ್ತದೆ. ಆಸ್ಪತ್ರೆ ವಾಸನೆ, ಬ್ಯಾಂಡೇಜ್ ವಾಸನೆ ಅಂತಾರಲ್ಲ, ಅದು. ಎಳ್ಳಷ್ಟಿದ್ದರೂ ನಾಲಿಗೆಗೆ ಗೊತ್ತಾಗುತ್ತದೆ. ಅದಕ್ಕೇ ಬ್ಲೀಚ್ ಆದ ಮೇಲೆ ಕುದಿಸಿ ಆರಿಸಿದ ನೀರಿನಲ್ಲಿ ಗಲಬರಿಸಬೇಕು. ಕುದಿಸದ ನೀರಿನಲ್ಲಿ ಗಲಬರಿಸಿದರೆ ಸ್ಯಾನಿಟೈಸ್ ಮಾಡಿದ್ದಕ್ಕೆ ಅರ್ಥ ಉಳಿಯಲ್ಲ.

ಸ್ಟೀಲ್ ಪಾತ್ರೆಗೆ ಬ್ಲೀಚ್ ಹಾಕಿ ರಾತ್ರಿಯಿಡೀ ಬಿಡಲೇಬೇಡಿ. ಸ್ಟೇನ್‌ಲೆಸ್ ಅಂದರೂ ಕ್ಲೋರಿನ್ ಅದರಲ್ಲಿ ಸೂಜಿಮೊನೆಯಂಥ ಗುಂಡಿ ತೋಡುತ್ತದೆ.

ಇನ್ನೊಂದು, ಇದನ್ನು ಎಲ್ಲರೂ ಗಮನವಿಟ್ಟು ಓದಿ. ಬ್ಲೀಚ್ ಜೊತೆ ಯಾವುದೇ ಆ್ಯಸಿಡ್ ಬೆರೆಸಬೇಡಿ. ಸ್ಟಾರ್ ಸ್ಯಾನ್ ಆ್ಯಸಿಡ್ಡೇ. ವಿನೆಗರ್ ಆ್ಯಸಿಡ್ಡೇ. ಬೆರೆತರೆ ಕ್ಲೋರಿನ್ ಗ್ಯಾಸ್ ಬರುತ್ತದೆ. ಅಮೋನಿಯಾ ಇರುವ ಕ್ಲೀನರ್ ಜೊತೆಗೂ ಬೇಡ. "ಎರಡೂ ಹಾಕಿದರೆ ಡಬಲ್ ಸ್ಟ್ರಾಂಗ್" ಅಂತ ಬಚ್ಚಲಿನ ಬಾಗಿಲು ಹಾಕಿಕೊಂಡು ಕಲಸಿದವರಿದ್ದಾರೆ.

ಹಳೇಡ್ರಮ್ಮು

ಸರಿ ಸರಿ. ನನ್ನ ಮೂರನೇ ಬ್ಯಾಚ್ ಬ್ಯಾಂಡೇಜ್ ವಾಸನೆ ಹೊಡೆದಿದ್ದು ನಿಜ. ಈಸ್ಟ್ ಮೇಲೆ ತಪ್ಪು ಹಾಕಿದ್ದೆ.

ಹೊಸಕೈ

ನಾನು ಇನ್ನೂ ಮೊದಲ ಬ್ಯಾಚ್ ಮಾಡಿಲ್ಲ, ಓದುತ್ತಾ ಇದ್ದೇನೆ. ಒಂದು ಡೌಟ್. ಸ್ಟೆರಿಲೈಸ್, ಸ್ಯಾನಿಟೈಸ್ ಎರಡೂ ಒಂದೇ ಅಲ್ವಾ? ಡಬ್ಬಿಗಳ ಮೇಲೆ ಒಂದೊಂದರಲ್ಲಿ ಒಂದೊಂದು ಬರೆದಿರುತ್ತದೆ. ಮತ್ತೆ ತೊಳೆಯೋಕೆ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕಾ, ಇಲ್ಲ ಅಂದರೆ ಯಾವುದರಲ್ಲಿ ತೊಳೆಯಬೇಕು?

ಲ್ಯಾಬ್‌ಕೋಟು

ಒಂದೇ ಅಲ್ಲ. ಸ್ಟೆರಿಲೈಸ್ ಅಂದರೆ ಒಂದು ಜೀವಾಣುವೂ ಉಳಿಯಬಾರದು, ಬ್ಯಾಕ್ಟೀರಿಯಾದ ಬೀಜಕಣವೂ ಸೇರಿ. ಬರೀ ಕುದಿಸಿದರೆ ಅದು ಆಗಲ್ಲ, ಕೆಲವು ಬೀಜಕಣ 100 ಡಿಗ್ರಿಯಲ್ಲೂ ಬದುಕುತ್ತವೆ. ಪ್ರೆಶರ್ ಕುಕ್ಕರಿನಲ್ಲಿ 15 ಪೌಂಡ್ ಒತ್ತಡಕ್ಕೆ 121 ಡಿಗ್ರಿ ಬರುತ್ತದೆ, ಅಲ್ಲಿ 15 ನಿಮಿಷ ಇಡಬೇಕು. ಈಸ್ಟ್ ಮೊದಲೇ ಬೆಳೆಸಿಕೊಳ್ಳುವ ಸ್ಟಾರ್ಟರಿಗೆ ವರ್ಟ್, ಅಂದರೆ ಹುದುಗುವ ಮೊದಲಿನ ಸಿಹಿ ಮಾಲ್ಟ್ ರಸ, ಮಾಡಿಟ್ಟುಕೊಳ್ಳುವವರಿಗೆ ಮಾತ್ರ ಅದು ಬೇಕು. ಅವರಿಗಂತೂ ಬೇಕೇ ಬೇಕು. ಹುದುಗದ ವರ್ಟನ್ನು ಬರೀ ಕುದಿಸಿ ಬಾಟಲಿಗೆ ಹಾಕಿ ಹೊರಗಿಟ್ಟರೆ ಬೊಟುಲಿಸಂ ಅನ್ನುವ ಜೀವಕ್ಕೇ ಕುತ್ತಾಗುವ ವಿಷಬಾಧೆಯ ಅಪಾಯ ಇದೆ. ಬಿಯರ್ ಆದ ಮೇಲೆ ಆಮ್ಲ, ಆಲ್ಕೋಹಾಲ್, ಹಾಪ್ಸ್ ಇರುವುದರಿಂದ ಆ ಭಯ ಇಲ್ಲ. ಬಿಯರ್ ಕೆಟ್ಟರೆ ರುಚಿ ಹೋಗುತ್ತದೆ, ಆಸ್ಪತ್ರೆ ಸೇರಿಸಲ್ಲ.

25 ಲೀಟರಿನ ಬಕೆಟನ್ನು ಮನೆಯಲ್ಲಿ ಸ್ಟೆರಿಲೈಸ್ ಮಾಡಲು ಆಗದು, ಬೇಕಾಗೂ ಇಲ್ಲ. ಕುದಿ ಮುಗಿಯುವವರೆಗೆ ಬಳಸುವ ಪಾತ್ರೆ, ಸೌಟು, ಜರಡಿಗೆ ಸ್ಯಾನಿಟೈಸ್ ಕೂಡ ಬೇಡ, ಚೊಕ್ಕಟವಾಗಿದ್ದರೆ ಸಾಕು, ಕುದಿಯೇ ಎಲ್ಲಾ ನೋಡಿಕೊಳ್ಳುತ್ತದೆ. ವರ್ಟ್ ತಣ್ಣಗಾದ ಮೇಲೆ ಮುಟ್ಟುವ ಪ್ರತಿಯೊಂದು ವಸ್ತು ಲೆಕ್ಕಕ್ಕೆ ಬರುತ್ತದೆ. ನಿಮ್ಮ ಕೈ ಸೇರಿ. ಈಸ್ಟ್ ಪ್ಯಾಕೆಟ್ ಕತ್ತರಿಸುವ ಕತ್ತರಿ ಸೇರಿ. ಇದನ್ನು ಮರೆಯುವವರು ಬಹಳ.

ತಾಮ್ರಸುರುಳಿ

ತೊಳೆಯುವ ಪ್ರಶ್ನೆಗೆ ನಾನು ಹೇಳುತ್ತೇನೆ. ಸೋಡಿಯಂ ಪರ್‌ಕಾರ್ಬೊನೇಟ್. ಪಿಬಿಡಬ್ಲ್ಯೂ ಅಂತ ಬರುವ ಪುಡಿಯಲ್ಲೂ ಅದೇ ಮುಖ್ಯ, ಜೊತೆಗೆ ಸಿಲಿಕೇಟ್ ಇತ್ಯಾದಿ ಇರುತ್ತದೆ. ವಾಸನೆ ಬೆರೆಸದ "ಆಕ್ಸಿ" ಬಟ್ಟೆ ಪುಡಿಗಳಲ್ಲೂ ಇದೇ ಇರುವುದು. ನೀರಿಗೆ ಬಿದ್ದರೆ ಹೈಡ್ರೋಜನ್ ಪೆರಾಕ್ಸೈಡ್ ಮತ್ತು ವಾಷಿಂಗ್ ಸೋಡಾ ಆಗಿ ಒಡೆಯುತ್ತದೆ. ಸೋಡಾ ಜಿಡ್ಡು ಬಿಡಿಸುತ್ತದೆ, ಪೆರಾಕ್ಸೈಡಿನ ಗುಳ್ಳೆ ಕೊಳೆಯನ್ನು ಎಬ್ಬಿಸುತ್ತದೆ. ಲೀಟರಿಗೆ ಸುಮಾರು 5 ಗ್ರಾಂ, ನೀರು 50–60 ಡಿಗ್ರಿ. ತಣ್ಣೀರಲ್ಲಿ ಹಾಕಿ "ಇದು ಕೆಲಸ ಮಾಡಲ್ಲ" ಅನ್ನುವವರೇ ಜಾಸ್ತಿ. ಬಿಸಿ ಇದ್ದರೆ ಬಕೆಟ್ ಮೇಲ್ಭಾಗದ ಆ ಕಂದು ಪಟ್ಟಿ, ಎಷ್ಟು ತಿಕ್ಕಿದರೂ ಹೋಗದಿರುವುದು, ಅರ್ಧ ಗಂಟೆಯಲ್ಲಿ ತಾನಾಗೇ ಸಿಪ್ಪೆ ಸುಲಿದ ಹಾಗೆ ಜಾರಿ ಬರುತ್ತದೆ. ನೋಡೋಕೇ ಖುಷಿ.

ಮೂರು ಎಚ್ಚರಿಕೆ. ಕೈಗೆ ಗ್ಲೌಸ್ ಹಾಕಿ. ಪುಡಿ ಹಾಕಿದ ಬಿಸಿ ನೀರನ್ನು ಬಾಟಲಿಯಲ್ಲೋ ಡಬ್ಬಿಯಲ್ಲೋ ಬಿಗಿಯಾಗಿ ಮುಚ್ಚಬೇಡಿ, ಆಮ್ಲಜನಕ ಬಿಡುತ್ತಲೇ ಇರುತ್ತದೆ, ಸಿಡಿಯಬಹುದು. ಮತ್ತೆ, ಕಲಸಿದ್ದನ್ನು ನಾಳೆಗೆ ಎತ್ತಿಡಬೇಡಿ, ಕೆಲವು ಗಂಟೆಯಲ್ಲಿ ಶಕ್ತಿ ಮುಗಿಯುತ್ತದೆ.

ನೀರು ಗಡಸಾಗಿದ್ದರೆ ಒಣಗಿದ ಮೇಲೆ ಬಿಳಿ ಪುಡಿ ಕೂರುತ್ತದೆ. ಹೆದರಬೇಡಿ, ಸುಣ್ಣ ಅಷ್ಟೇ. ವಿನೆಗರ್ ಅಥವಾ ಸಿಟ್ರಿಕ್ ಆ್ಯಸಿಡ್ ಬೆರೆಸಿದ ನೀರಿನಲ್ಲಿ ಒಮ್ಮೆ ಆಡಿಸಿದರೆ ಹೋಗುತ್ತದೆ.

ಪಾತ್ರೆ ಲಿಕ್ವಿಡ್ ವಿಷವೇನಲ್ಲ. ಆದರೆ ವಾಸನೆ ಪ್ಲಾಸ್ಟಿಕ್ಕಿಗೆ ಹಿಡಿಯುತ್ತದೆ, ಸ್ವಲ್ಪ ಉಳಿದರೆ ಗ್ಲಾಸಿನ ಮೇಲಿನ ನೊರೆ ನಿಲ್ಲುವುದಿಲ್ಲ.

ಅರ್ಧಲೋಟ ಅವರೇ, ಆ ಹಸಿರು ಸ್ಕ್ರಬ್ಬರನ್ನು ಇವತ್ತೇ ಬಕೆಟ್‌ನಿಂದ ದೂರ ಇಡಿ. ಬಕೆಟ್ ಒಳಗೆ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಗೀರು ಕಾಣುತ್ತದಾ?

ಅರ್ಧಲೋಟ

ಕಾಣುತ್ತದೆ. ಅಯ್ಯೋ. ಜೇಡರ ಬಲೆಯ ಹಾಗೆ ಪೂರ್ತಿ.

ನೊರೆಮೀಸೆ

ನಾನು ಮೊದಲೇ ಹೇಳಿದ್ದೆ, ಬಕೆಟ್ ಬಿಸಾಕಿ ಅಂತ.

ಕುದಿಬಿಂದು

ಸ್ಟಾರ್ ಸ್ಯಾನ್ ಬಗ್ಗೆ ಒಂದು ಗೊಂದಲ ಇದೆ. ಬಳಸಿದ ಮೇಲೆ ಬಕೆಟ್ ಅರ್ಧ ನೊರೆ ತುಂಬಿರುತ್ತದೆ. ಅದರ ಮೇಲೇ ವರ್ಟ್ ಸುರಿಯಿರಿ ಅಂತಾರೆ. ನನಗೆ ಮನಸ್ಸು ಒಪ್ಪಲ್ಲ, ಪ್ರತಿ ಸಲ ನಲ್ಲಿ ನೀರಿನಲ್ಲಿ ತೊಳೆದುಬಿಡುತ್ತೇನೆ.

ಲ್ಯಾಬ್‌ಕೋಟು

ಹಾಗೆ ತೊಳೆದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗೆ. ಅದು ಫಾಸ್ಫಾರಿಕ್ ಆ್ಯಸಿಡ್ ಮತ್ತು ನೊರೆ ಕೊಡುವ ಒಂದು ಸಲ್ಫೋನಿಕ್ ಆ್ಯಸಿಡ್. ಸರಿಯಾದ ಅಳತೆಯಲ್ಲಿ, ಅಂದರೆ ಲೀಟರಿಗೆ ಸುಮಾರು ಒಂದೂವರೆ ಎಂಎಲ್, ಗಲಬರಿಸದೆ ಬಳಸಲೆಂದೇ ಮಾಡಿದ್ದು. ಉಳಿದ ನೊರೆ 20 ಲೀಟರ್ ವರ್ಟಿನಲ್ಲಿ ಕರಗಿ ಕಾಣೆಯಾಗುತ್ತದೆ. ಆದರೆ ಅರ್ಧಲೋಟ ಅವರ ಹಾಗೆ ಡಬಲ್ ಹಾಕಿದರೆ ಈ ಮಾತು ನಿಲ್ಲಲ್ಲ. ಕಣ್ಣಳತೆ ಬೇಡ, ಸಿರಿಂಜಿನಲ್ಲಿ ಅಳೆಯಿರಿ.

ಕಲಸಿದ್ದು ಇನ್ನೂ ಕೆಲಸ ಮಾಡುತ್ತದಾ ಅಂತ ತಿಳಿಯಲು ಪಿಎಚ್ ಪಟ್ಟಿ ಸಾಕು. 3ಕ್ಕಿಂತ ಕೆಳಗಿದ್ದರೆ ಸರಿ. ಗಡಸು ನೀರಿನಲ್ಲಿ ಕಲಸಿದರೆ ಬೇಗ ಹಾಲಿನ ಹಾಗೆ ಮಬ್ಬಾಗುತ್ತದೆ. ಡಿಸ್ಟಿಲ್ಡ್ ನೀರಿನಲ್ಲಿ ಕಲಸಿ ಸ್ಪ್ರೇ ಬಾಟಲಿಯಲ್ಲಿಟ್ಟರೆ ಬಹಳ ದಿನ ಬರುತ್ತದೆ. ಬಕೆಟ್ ತುಂಬ ಕಲಸುವ ಅಗತ್ಯವೇ ಇಲ್ಲ. ಮೇಲ್ಮೈ ಒಂದೆರಡು ನಿಮಿಷ ಒದ್ದೆಯಾಗಿ ಉಳಿದರೆ ಆಯಿತು.

ನೊರೆ ಇಷ್ಟ ಇಲ್ಲದವರಿಗೆ ಅಯೋಡೋಫೋರ್ ಅನ್ನುವ ಅಯೋಡಿನ್ ಸ್ಯಾನಿಟೈಸರ್ ಇದೆ. 12.5 ಪಿಪಿಎಂ (ಹತ್ತು ಲಕ್ಷದಲ್ಲಿ 12.5 ಭಾಗ) ಅಳತೆಗೆ ಕಲಸಿದರೆ ಅದನ್ನೂ ಗಲಬರಿಸಬೇಕಿಲ್ಲ. ತಿಳಿ ಕಂದು ಬಣ್ಣ ಇರುವವರೆಗೆ ಜೀವ ಇದೆ, ಬಣ್ಣ ಹೋದರೆ ಚೆಲ್ಲಿ. ಪೈಪುಗಳಿಗೆ ಹಳದಿ ಕಲೆ ಹಿಡಿಸುತ್ತದೆ, ನೋಡಲು ಅಸಹ್ಯ, ಬೇರೆ ತೊಂದರೆ ಇಲ್ಲ.

ಕುದಿಬಿಂದು

ಓಹ್. ಅಂದರೆ ಎರಡು ವರ್ಷ ನಾನು ಸ್ಯಾನಿಟೈಸ್ ಮಾಡಿ ಆಮೇಲೆ ಅದನ್ನೇ ತೊಳೆದು ಹಾಕ್ತಿದ್ದೆ. ಒಳ್ಳೇ ಕೆಲಸ.

ಬಾಟಲಿಗೆ ನಾನು ಓವನ್ ಬಳಸುತ್ತೇನೆ, ಅದನ್ನಾದರೂ ಸರಿ ಮಾಡ್ತಿದ್ದೀನಾ ನೋಡಿ. ತೊಳೆದ ಬಾಟಲಿಯ ಬಾಯಿಗೆ ಫಾಯಿಲ್ ಸುತ್ತಿ ತಣ್ಣಗಿರುವ ಓವನ್ನಿಗೆ ಇಡುತ್ತೇನೆ. 170 ಡಿಗ್ರಿಗೆ ಏರಿದ ಮೇಲೆ ಒಂದು ಗಂಟೆ. ಆಫ್ ಮಾಡಿ ಬಾಗಿಲು ತೆಗೆಯದೆ ರಾತ್ರಿಯಿಡೀ ಬಿಡುತ್ತೇನೆ. ಫಾಯಿಲ್ ತೆಗೆಯುವವರೆಗೆ ಒಳಗೆ ಹಾಗೇ ಇರುತ್ತದೆ. ಒಮ್ಮೆ ಆತುರಕ್ಕೆ ಬಾಗಿಲು ತೆಗೆದಿದ್ದೆ. ತಣ್ಣನೆ ಗಾಳಿ ತಾಗಿ ಮೂರು ಬಾಟಲಿ ಟಿಂಗ್ ಟಿಂಗ್ ಟಿಂಗ್ ಅಂತ ಬಿರುಕು ಬಿಟ್ಟವು.

ಲ್ಯಾಬ್‌ಕೋಟು

ಇದು ಪಕ್ಕಾ ಸರಿ. ನಮ್ಮ ಪೈಕಿ ನಿಜವಾಗಿ ಸ್ಟೆರಿಲೈಸ್ ಮಾಡುತ್ತಿರುವವರು ನೀವೊಬ್ಬರೇ. ಒಣ ಶಾಖ ನಿಧಾನ, ಅದಕ್ಕೇ ಅಷ್ಟು ಹೊತ್ತು ಬೇಕು. 160ಕ್ಕೆ ಇಟ್ಟರೆ ಎರಡು ಗಂಟೆ. ಪದೇಪದೇ ಬಿಸಿ ಮಾಡಿದರೆ ಗಾಜು ಬಲ ಕಳೆದುಕೊಳ್ಳುತ್ತದೆ, ಹಾಗಾಗಿ ಏರಿಸುವುದೂ ಇಳಿಸುವುದೂ ಮೆಲ್ಲಗೆ ಆಗಲಿ.

ಪ್ಲಾಸ್ಟಿಕ್ ಬಾಟಲಿ ಇರುವವರು ಇದನ್ನು ಓದಿ ಓವನ್ ಕಡೆ ಹೋಗಬೇಡಿ. ಪೆಟ್ ಬಾಟಲಿಗೆ ಕುದಿನೀರು ಸುರಿದರೇ ಮುದುಡಿ ಕೂರುತ್ತದೆ.

ಹಳೇಡ್ರಮ್ಮು

ವಿಷಯ ಬಿಟ್ಟು ಒಂದು ಮಾತು. ದೊಡ್ಡ ದೊಡ್ಡ ಕಂಪನಿಗೂ ಇದೇ ಪಾಡಾಗಿತ್ತು. ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗಿನಲ್ಲಿ ಬಿಯರ್ ಕೆಟ್ಟು ಕೆಟ್ಟು ಸಾಕಾಗಿತ್ತು. ಎಮಿಲ್ ಕ್ರಿಶ್ಚಿಯನ್ ಹ್ಯಾನ್ಸನ್ ಅಂತ ಅಲ್ಲಿನ ಪ್ರಯೋಗಾಲಯದವರು ನೋಡಿದರೆ ಅವರ ಈಸ್ಟ್ ಒಳಗೇ ಕಾಡು ಈಸ್ಟ್ ಸೇರಿಕೊಂಡಿತ್ತು. ಒಂದೇ ಒಂದು ಕೋಶದಿಂದ ಶುದ್ಧ ಈಸ್ಟ್ ಬೆಳೆಸಿ 1883ರಲ್ಲಿ ಅದರಲ್ಲೇ ಬಿಯರ್ ಮಾಡಿದರು. ಅರ್ಧಲೋಟ, ನೀವು ದೊಡ್ಡವರ ಸಾಲಿನಲ್ಲೇ ಇದ್ದೀರಿ, ಬೇಜಾರು ಬೇಡ.

ಅರ್ಧಲೋಟ · ಶನಿವಾರ

ನಲ್ಲಿ ಬಿಚ್ಚಿದೆ.

ಬಿಸಿ ನೀರಲ್ಲಿ ಬಿಟ್ಟು, ಮರದ ಸೌಟಿನ ಹಿಡಿಯಿಂದ ಒತ್ತಿದೆ. ಮೊದಲು ಅಲ್ಲಾಡಲೇ ಇಲ್ಲ. ಇನ್ನೊಂದು ಸಲ ಬಿಸಿ ನೀರು. ಆಮೇಲೆ ಟಪ್ ಅಂತ ಬಂತು, ಬಂದ ಕೂಡಲೇ ವಾಸನೆ. ವಿನೆಗರ್ ಮತ್ತು ಒದ್ದೆ ಸಾಕ್ಸ್ ಎರಡೂ ಸೇರಿದ ಹಾಗೆ. ತಿರುಗುವ ತುಂಡಿನ ಸುತ್ತ ಕಂದು ಬಣ್ಣದ ಲೋಳೆ, ಮೂಗಿನ ಸಿಂಬಳದಷ್ಟು ಮಂದ. ಅದರ ನಡುವೆ ಹಸಿರು ಚೂರು ಅಂಟಿಕೊಂಡಿತ್ತು. ನೋಡಿದರೆ ಹಾಪ್ಸ್ ಎಲೆ. ನಾನು ಎಲೆ ಹಾಪ್ಸ್ ಬಳಸಿದ್ದು ಎರಡನೇ ಬ್ಯಾಚಿನಲ್ಲಿ ಮಾತ್ರ. ಅಂದರೆ ಏಳು ಬ್ಯಾಚ್ ಅದರ ಪಕ್ಕದಲ್ಲೇ ಹರಿದು ಹೋಗಿವೆ.

ಬಕೆಟ್ ಗೋಡೆಗೆ ನಲ್ಲಿ ಕೂರುವ ಕಡೆ ಇರುವ ರಬ್ಬರ್ ವಾಷರ್ ತೆಗೆದೆ. ಅದರ ಹಿಂದೆ ಕಪ್ಪು ಬೂಷ್ಟಿನ ಉಂಗುರ. ಹೆಂಡತಿ ಬಂದು ನೋಡಿ "ಇದರಲ್ಲಿ ಬಂದಿದ್ದನ್ನಾ ನಮ್ಮ ಅಣ್ಣನಿಗೆ ಕುಡಿಸಿದ್ದು?" ಅಂದಳು. ಉತ್ತರ ಕೊಡಲಿಲ್ಲ.

ಎರಡನ್ನೂ ಪರ್‌ಕಾರ್ಬೊನೇಟ್ ಬಿಸಿ ನೀರಲ್ಲಿ ಹಾಕಿದ್ದೇನೆ. ಈಗ ಪ್ರಶ್ನೆ, ಉಳಿದ 30 ಬಾಟಲಿ ಏನು ಮಾಡಲಿ?

ತಾಮ್ರಸುರುಳಿ

ನಲ್ಲಿ, ವಾಷರ್ ಎರಡನ್ನೂ ಹೊಸದು ಹಾಕಿಬಿಡಿ. ಪೈಪನ್ನೂ. ಇವು ಸವೆಯುವ ಸಾಮಾನು, ಪ್ರೀತಿ ಇಟ್ಟುಕೊಳ್ಳಬಾರದು. ಬಕೆಟನ್ನೂ ಬದಲಿಸಿ, ಅಷ್ಟು ಗೀರಿದ್ದರೆ ಬೇರೆ ದಾರಿ ಇಲ್ಲ. ನೊರೆಮೀಸೆ ಅವರು ಅರ್ಧ ಸರಿ, ಇದನ್ನು ಬರೆಯಲು ಕಷ್ಟ ಆಗುತ್ತಿದೆ.

ಬಾಟಲಿ ವಿಷಯ ಹಗುರವಾಗಿ ತಗೋಬೇಡಿ. ಉಕ್ಕುತ್ತಿದೆ ಅಂದರೆ ಒಳಗೆ ಇನ್ನೂ ಹುದುಗುತ್ತಿದೆ, ಒತ್ತಡ ದಿನಾ ಏರುತ್ತಿದೆ. ಗಾಜು ಒಡೆದರೆ ಚೂರು ಗೋಡೆಗೆ ನಾಟುತ್ತದೆ. ಕನ್ನಡಕ, ದಪ್ಪ ಗ್ಲೌಸ್ ಹಾಕಿಕೊಳ್ಳಿ. ಪೆಟ್ಟಿಗೆಯ ಮೇಲೆ ದಪ್ಪ ಟವೆಲ್ ಹೊದಿಸಿ, ಆದಷ್ಟು ಕಡಿಮೆ ಅಲ್ಲಾಡಿಸಿ ಫ್ರಿಜ್‌ಗೆ. ಪೂರ್ತಿ ತಣ್ಣಗಾದ ಮೇಲೆ ಒಂದೊಂದಾಗಿ, ಟವೆಲ್ ಸುತ್ತಿ, ಮುಖ ದೂರ ಇಟ್ಟು ಮುಚ್ಚಳ ತೆಗೆದು ಚೆಲ್ಲಿ. ಮಕ್ಕಳು ಆ ಕಡೆ ಬರದಿರಲಿ.

ಹೊಸಕೈ

ಉಕ್ಕುತ್ತದೆ ಆದರೆ ಹುಳಿ ಇಲ್ಲ ಅಂದರೆ? ನನ್ನ ಅಣ್ಣನ ಬಿಯರ್ ಹಾಗಿದೆ.

ಲ್ಯಾಬ್‌ಕೋಟು

ಮೊದಲು ಬಾಟಲಿಗೆ ತುಂಬುವಾಗ ಹಾಕುವ ಸಕ್ಕರೆಯ ಅಳತೆ ನೋಡಿ, ಹೆಚ್ಚಿನ ಸಲ ಅಷ್ಟೇ ಇರುತ್ತದೆ. ಇಲ್ಲವೇ ಫರ್ಮೆಂಟೇಶನ್ ಮುಗಿಯುವ ಮೊದಲೇ ತುಂಬಿರುತ್ತಾರೆ. ಎರಡೂ ಅಲ್ಲ ಅಂದರೆ ಡಯಾಸ್ಟ್ಯಾಟಿಕಸ್ ಅನ್ನುವ ಈಸ್ಟ್ ಇರಬಹುದು. ಮಾಮೂಲಿ ಈಸ್ಟ್ ಮುಟ್ಟದೆ ಬಿಡುವ ಡೆಕ್ಸ್‌ಟ್ರಿನ್ನನ್ನು (ದೊಡ್ಡ ಸಕ್ಕರೆ ಸರಪಳಿಗಳನ್ನು) ಅದು ಒಡೆದು ತಿನ್ನುತ್ತದೆ, ನಿಧಾನವಾಗಿ, ವಾರಗಟ್ಟಲೆ. ಸೇಸಾನ್ ಅನ್ನುವ ಬೆಲ್ಜಿಯಂ ಶೈಲಿಯ ಬಿಯರಿನ ಕೆಲವು ಈಸ್ಟ್‌ಗಳು ಈ ಜಾತಿಯವೇ. ಅದನ್ನು ಬಳಸಿದ ಪೈಪು, ನಲ್ಲಿಯನ್ನು ಬೇರೆ ಬಿಯರಿಗೆ ಬಳಸಿದರೆ ಹೀಗಾಗುತ್ತದೆ. ನಾನು ಸೇಸಾನ್‌ಗೆ ಕೆಂಪು ಟೇಪ್ ಸುತ್ತಿದ ಬೇರೆ ಪೈಪೇ ಇಟ್ಟಿದ್ದೇನೆ.

ಅರ್ಧಲೋಟ · ಏಳು ವಾರದ ನಂತರ

ಮರೆತಿಲ್ಲ, ಕಾಯುತ್ತಿದ್ದೆ.

ಹೊಸ ಬಕೆಟ್, ಹೊಸ ನಲ್ಲಿ, ಮೆತ್ತನೆ ಬಟ್ಟೆ. ಅದೇ ಗೋಧಿ ಬಿಯರ್ ಮಾಡಿದೆ, ಬೇಕಂತಲೇ. ಸ್ಯಾಂಪಲ್ ಎರಡೇ ಸಲ. ಪ್ರತಿ ಸಲ ಮೂತಿಗೆ 70% ಆಲ್ಕೋಹಾಲ್ ಸ್ಪ್ರೇ ಮಾಡಿ ಪ್ಲಾಸ್ಟಿಕ್ ಹಾಳೆ ಕಟ್ಟಿದೆ. 70% ಯಾಕೆ, 99% ಹಾಕಿದರೆ ಇನ್ನೂ ಒಳ್ಳೆಯದಲ್ವಾ ಅಂತ ಲ್ಯಾಬ್‌ಕೋಟು ಅವರಿಗೆ ಬೇರೆಯಾಗಿ ಕೇಳಿದ್ದೆ. ನೀರಿನ ಅಂಶ ಇದ್ದರೇನೇ ಅದು ಜೀವಕೋಶದ ಪ್ರೊಟೀನನ್ನು ಚೆನ್ನಾಗಿ ಕೆಡಿಸುತ್ತದಂತೆ, ಜೊತೆಗೆ ಬೇಗ ಆರಿಹೋಗಲ್ಲ. ಒಲೆ ಹತ್ತಿರ ಸ್ಪ್ರೇ ಮಾಡಬೇಡಿ ಅಂತಲೂ ಹೇಳಿದರು.

ಇವತ್ತಿಗೆ ಬಾಟಲಿಗೆ ತುಂಬಿ ಐದು ವಾರ. ಹುಳಿ ಇಲ್ಲ. ಉಕ್ಕಲಿಲ್ಲ. ಬಿಯರ್ ಕೆಟ್ಟಾಗ ಬಾಟಲಿಯ ಕತ್ತಿನಲ್ಲಿ ಕಾಣುವ ಉಂಗುರದಂಥ ಕಲೆಯೂ ಇಲ್ಲ.

ಇನ್ನೊಂದು ಹೇಳಬೇಕು. ತುಂಬುವ ದಿನ ಸುಮ್ನೆ ಕುತೂಹಲಕ್ಕೆ ಹಳೆಯ ಫಿಲ್ಲಿಂಗ್ ಕಡ್ಡಿಯ ತುದಿ ಎಳೆದೆ. ಅದೂ ಕಳಚಿ ಬಂತು. ಒಳಗೊಂದು ಪುಟ್ಟ ಸ್ಪ್ರಿಂಗ್. ಸ್ಪ್ರಿಂಗಿನ ಸುತ್ತುಗಳ ನಡುವೆ ಅದೇ ಕಂದು ಲೋಳೆ. ಅದನ್ನೂ ಬಿಸಾಕಿ, ಬರೀ ಪೈಪಿನಲ್ಲೇ ತುಂಬಿದೆ.

ತಾಮ್ರಸುರುಳಿ

ಕಡ್ಡಿ! ನನ್ನದನ್ನು ನಾನೇ ನೋಡಿಲ್ಲ. ಬಂದೆ, ಇರಿ.

ಲ್ಯಾಬ್‌ಕೋಟು

ಹೊಸ ನಲ್ಲಿಯನ್ನು ಪ್ರತಿ ಬ್ಯಾಚಿಗೂ ಬಿಚ್ಚುತ್ತೀರಲ್ಲ?

ಅರ್ಧಲೋಟ

ಪ್ರತಿ ಬ್ಯಾಚಿಗೂ. ಬಿಯರ್ ತುಂಬಿದ ಅರ್ಧ ಗಂಟೆಯೊಳಗೆ, ಒಣಗುವ ಮೊದಲೇ. ಹಾಗೆ ಮಾಡಿದರೆ ತಿಕ್ಕುವ ಕೆಲಸವೇ ಇಲ್ಲ.

ನೊರೆಮೀಸೆ · ಅದೇ ರಾತ್ರಿ 11:40

ಎಲ್ಲರೂ ಸೇರಿ ತಲೆ ಕೆಡಿಸಿದಿರಿ. ನನ್ನ ನಲ್ಲಿ ಬಿಚ್ಚೋಕೆ ಬರಲ್ಲ ಅಂದುಕೊಂಡಿದ್ದೆ. ಬಿಸಿ ನೀರಲ್ಲಿ ಹಾಕಿ ಒತ್ತಿದೆ. ಬಂತು.

ಫೋಟೋ ಹಾಕಲ್ಲ. ಕೇಳಬೇಡಿ.

ಪರ್‌ಕಾರ್ಬೊನೇಟ್ ಲೀಟರಿಗೆ ಎಷ್ಟು ಗ್ರಾಂ ಅಂದಿರಿ?